ಎರಡು ಮಹಡಿ, ಒಂದೇ ಮೂಲ

ಪ್ರೋಗ್ರಾಮ್ ಬರೆದವರನ್ನು ಜಗತ್ತು ಕೆಲವೊಮ್ಮೆಯಾದರೂ ನೆನೆಯುತ್ತದೆ. ಬರೆದದ್ದು ಕಳೆದುಹೋಗದಂತೆ, ಒಂದರೊಳಗೊಂದು ಕಲಸಿಹೋಗದಂತೆ ಕಾಪಾಡಿದವರನ್ನು ನೆನೆಯುವುದು ಕಡಿಮೆ. ಯಾವ ಕಡತ ಎಲ್ಲಿರಬೇಕು, ಅದನ್ನು ಯಾರು ಯಾವಾಗ ತಿದ್ದಿದರು, ತಿದ್ದಿದ್ದೇಕೆ, ಈ ಹೊತ್ತು ದೂರದ ಆಸ್ಪತ್ರೆಯೊಂದರಲ್ಲಿ ಓಡುತ್ತಿರುವ ಯಂತ್ರದ ಹೊಟ್ಟೆಯಲ್ಲಿರುವುದು ಯಾವ ಆವೃತ್ತಿ ಎಂಬ ಪ್ರಶ್ನೆಗಳು ನೋಡಲು ಸಣ್ಣವು. ಆದರೆ ಅವುಗಳಿಗೆ ಉತ್ತರ ಸಿಗದ ದಿನ ಎಂತಹ ಬುದ್ಧಿವಂತರ ಕಚೇರಿಯೂ ದಿಕ್ಕು ತಪ್ಪಿದ ಸಂತೆಯಾಗುತ್ತದೆ. ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರಗಳಿಗೆ ತಂತ್ರಾಂಶ ಸಿದ್ಧಪಡಿಸುವ ನಮ್ಮ ಕಸುಬಿನಲ್ಲಿ ಆ ಪ್ರಶ್ನೆಗಳಿಗೆ ಉತ್ತರ ಸಿಗುವಂತೆ ಮಾಡಿದವರು, ಅದಕ್ಕಾಗಿ ತಮ್ಮ ವೃತ್ತಿಜೀವನವನ್ನೇ ತೇಯ್ದವರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರು.

ಇಂತಹ ಅಭಿನಂದನಾ ಸಂಪುಟಗಳಲ್ಲಿ ಸನ್ಮಾನಿತರನ್ನು ‘ಶಾಂತಮೂರ್ತಿ’ ಎಂದು ಕರೆಯುವ ವಾಡಿಕೆಯುಂಟು. ಮೇಡಂ ಅವರ ವಿಷಯದಲ್ಲಿ ಹಾಗೆ ಬರೆದರೆ ಮೊದಲು ನಗುವವರು ಅವರೇ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಜೀವ ಅದು. ಎಲ್ಲೋ ಏನೋ ಸರಿಯಿಲ್ಲ ಎಂಬ ತುರಿಕೆ ಮನಸ್ಸಿನಲ್ಲಿ ಎದ್ದಿತೆಂದರೆ ಅವರು ಕೂತಲ್ಲಿ ಕೂರಲಾರರು. ಮೇಜಿನಿಂದ ಮೇಜಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತುತ್ತ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ತಮ್ಮೊಳಗೇ ಏನನ್ನೋ ಗುಣಿಸುತ್ತ ಇರುವರು. “ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿದ್ರೆ ನನಗೆ ಕಾಲು ನೋಯತ್ತೆ” ಎಂದು ಅವರ ಅತ್ತೆ ಎಷ್ಟೋ ಸಲ ಬೇಡಿಕೊಂಡದ್ದುಂಟು.

ಅದೇ ಅತ್ತೆಯವರಿಂದ ಅವರಿಗೊಂದು ಅಡ್ಡಹೆಸರೂ ಬಂತು. ಒಂದು ಪ್ರೋಗ್ರಾಮಿನ ಮೂಲದಿಂದ ಕವಲೊಡೆದು ಬೇರೆಬೇರೆ ಜನ ಬೇರೆಬೇರೆ ಪ್ರತಿಗಳಲ್ಲಿ ಕೆಲಸ ಮಾಡುವಾಗ ಆ ಕವಲಿಗೆ ‘ಬ್ರ್ಯಾಂಚ್’ ಎನ್ನುತ್ತಾರೆ. ನೀನು ಆಫೀಸಿನಲ್ಲಿ ಮಾಡುವುದಾದರೂ ಏನೆಂದು ಅತ್ತೆ ಒಮ್ಮೆ ಕೇಳಿದಾಗ, ಸೊಸೆ ಅವಸರದಲ್ಲಿ ಚಪ್ಪಲಿ ಮೆಟ್ಟುತ್ತ “ಬ್ರ್ಯಾಂಚ್‌ಗಳನ್ನ ನೋಡ್ಕೋತೀನಿ ಅತ್ತೆ” ಎಂದು ಹೇಳಿ ಹೊರಟುಬಿಟ್ಟರು. ವಾರ ಕಳೆಯುವಷ್ಟರಲ್ಲಿ ಬಂಧುಬಳಗಕ್ಕೆಲ್ಲ ಸುದ್ದಿ ಹಬ್ಬಿತು: ಸೊಸೆ ಬ್ಯಾಂಕಿನಲ್ಲಿ ಬ್ರ್ಯಾಂಚ್ ಮ್ಯಾನೇಜರ್. ದೂರದ ಸಂಬಂಧದ ಮಾವನೊಬ್ಬರು ಸಾಲದ ಅರ್ಜಿ ಹಿಡಿದು ನೇರವಾಗಿ ಆಫೀಸಿಗೇ ಬಂದರು. ಅಂದಿನಿಂದ ಸಹೋದ್ಯೋಗಿಗಳ ಬಾಯಲ್ಲಿ ಅವರು ಬ್ರ್ಯಾಂಚ್ ಮ್ಯಾನೇಜರ್ ಆಗಿಯೇ ಉಳಿದರು.

ಅವರು ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿದಾಗ ಸಂಸ್ಥೆಯಿದ್ದದ್ದು ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಇಬ್ಬರು ಅಣ್ಣತಮ್ಮಂದಿರು ಸೇರಿ ಕಟ್ಟಿದ ಸಂಸ್ಥೆ. ಅಣ್ಣ ದೊಡ್ಡ ಸಾರ್, ತಮ್ಮ ಚಿಕ್ಕ ಸಾರ್. ಇಬ್ಬರೂ ಅಪ್ಪಟ ಕೆಲಸಗಾರರು, ಇಬ್ಬರೂ ಜಾಣರು, ಮತ್ತು ಫೈಲುಗಳನ್ನು ಇಡುವುದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವ ಅಸ್ತವ್ಯಸ್ತರು. ಪ್ರತಿ ಕಂಪ್ಯೂಟರಿನಲ್ಲೂ ಇಡೀ ಪ್ರೋಗ್ರಾಮಿನ ಒಂದು ಪ್ರತಿ; ಒಂದರ ಹೆಸರು ‘ಫೈನಲ್’, ಇನ್ನೊಂದು ‘ಇದೇ ಫೈನಲ್’, ಮೂರನೆಯದು ‘ದಯವಿಟ್ಟು ಮುಟ್ಟಬೇಡಿ’. ರಿಪೇರಿಗೆಂದು ಆಸ್ಪತ್ರೆಯಿಂದ ಯಂತ್ರವೊಂದು ವಾಪಸ್ಸು ಬಂದಾಗ, ಅದರೊಳಗಿರುವುದು ಇವುಗಳಲ್ಲಿ ಯಾವುದು ಎಂದು ಹೊಸಬರಾದ ಮೇಡಂ ಮುಗ್ಧವಾಗಿ ಕೇಳಿದರು. ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು. “ಇದೇ ಇರಬೇಕು” ಎಂದು ಇಬ್ಬರೂ ಒಟ್ಟಿಗೇ ಹೇಳಿ, ಇಬ್ಬರೂ ಬೇರೆಬೇರೆ ಕಂಪ್ಯೂಟರಿನತ್ತ ಬೆರಳು ತೋರಿಸಿದರು.

ಆ ಬೆರಳುಗಳು ಮೇಡಂ ಅವರ ನಿದ್ದೆ ಕೆಡಿಸಿದವು. ಯಾರೂ ಹೇಳದೆಯೇ ಅವರು ಆ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡರು. ಎಲ್ಲ ಪ್ರತಿಗಳನ್ನೂ ಒಂದೆಡೆ ಸೇರಿಸಿ, ಒಂದರ ಪಕ್ಕ ಒಂದನ್ನಿಟ್ಟು ಸಾಲುಸಾಲಾಗಿ ಹೋಲಿಸಿ, ನಿಜವಾದ ಮೂಲವೊಂದನ್ನು ನಿಲ್ಲಿಸಿದರು. ಯಂತ್ರವನ್ನು ನಡೆಸುವ ಭಾಗಕ್ಕೆ ಒಂದು ಫೋಲ್ಡರ್, ಪರದೆಯ ಮೇಲೆ ಕಾಣುವುದಕ್ಕೆ ಒಂದು, ಪರೀಕ್ಷೆಗಳಿಗೆ ಒಂದು. ‘ಇತರೆ’ ಎಂಬ ಫೋಲ್ಡರಿಗೆ ಮಾತ್ರ ಅವರ ರಾಜ್ಯದಲ್ಲಿ ಪ್ರವೇಶವಿರಲಿಲ್ಲ. “ಇತರೆ ಅಂತ ಒಂದು ಮಾಡಿ ನೋಡಿ, ಆರು ತಿಂಗಳಲ್ಲಿ ಊರ ಕಸವೆಲ್ಲ ಅಲ್ಲೇ ಬಂದು ಬಿದ್ದಿರತ್ತೆ” ಎನ್ನುತ್ತಿದ್ದರು. ಯಾರೇ ಆಗಲಿ, ತಿದ್ದಿದ್ದನ್ನು ಮೂಲಕ್ಕೆ ಸೇರಿಸುವಾಗ ಒಂದು ವಾಕ್ಯ ಬರೆಯಲೇಬೇಕು. ದಪ್ಪ ಕನ್ನಡಕದ ಕಾರಣಕ್ಕೆ ಎಲ್ಲರೂ ಸೋಡಾಬುಡ್ಡಿ ಎಂದು ಕರೆಯುತ್ತಿದ್ದ ಸಹೋದ್ಯೋಗಿಯೊಬ್ಬರು ಪ್ರತಿಸಲವೂ ‘ಸರಿ ಮಾಡಿದೆ’ ಎಂದಷ್ಟೇ ಬರೆಯುತ್ತಿದ್ದರು. ಒಂದು ದಿನ ಮೇಡಂ ಆ ಸೋಡಾಬುಡ್ಡಿಯ ಮೇಜಿನ ಬಳಿಗೇ ಹೋಗಿ ನಿಂತು ಕೇಳಿದರು:

“ಏನು ಸರಿ ಮಾಡಿದ್ರಿ?”

“ತಪ್ಪಿದ್ದಿದ್ದನ್ನ, ಮೇಡಂ.”

“ಸರಿಯಾಗಿದ್ದಿದ್ದನ್ನ ಯಾರೂ ಸರಿ ಮಾಡಲ್ಲ ಬಿಡಿ. ಯಾಕೆ ತಪ್ಪಾಗಿತ್ತು, ಅದು ಬರೀರಿ. ಏನು ಬದಲಾಯ್ತು ಅನ್ನೋದನ್ನ ಕಂಪ್ಯೂಟರೇ ಹೇಳತ್ತೆ. ಯಾಕೆ ಅನ್ನೋದು ಅದಕ್ಕೆ ಗೊತ್ತಿಲ್ಲ.”

ಗೊಣಗಿದವರಿದ್ದರು, ಹಿಂದಿನಿಂದ ಆಡಿಕೊಂಡವರಿದ್ದರು. ಆದರೂ ವರ್ಷ ತುಂಬುವುದರೊಳಗೆ ಎಲ್ಲರೂ ಆ ಶಿಸ್ತಿಗೆ ಒಗ್ಗಿಕೊಂಡರು. ಸಂಸ್ಥೆ ಬೆಳೆಯಿತು, ಔಷಧಿ ಅಂಗಡಿಯ ಹಿಂಬದಿಯನ್ನು ಬಿಟ್ಟು ದೊಡ್ಡ ರಸ್ತೆಯ ಕಟ್ಟಡದಲ್ಲಿ ಎರಡು ಮಹಡಿಗಳನ್ನು ಹಿಡಿಯಿತು.

ಬೆಳೆದ ಮನೆಗೆ ಬಿರುಕೂ ಬೇಗ ಬರುತ್ತದೆ. ದೊಡ್ಡ ಆಸ್ಪತ್ರೆಗಳಿಗೆ ದೊಡ್ಡ ಯಂತ್ರ ಮಾಡೋಣವೆಂದು ಅಣ್ಣ. ಮೂರು ಹಾಸಿಗೆಯ ದವಾಖಾನೆಗೂ ಎಟುಕುವ ಸಾದಾ ಯಂತ್ರ ಮಾಡೋಣವೆಂದು ತಮ್ಮ. ಮೊದಲು ಅದು ಅಭಿಪ್ರಾಯವಾಗಿತ್ತು, ಆಮೇಲೆ ಹಟವಾಯಿತು, ಕೊನೆಗೆ ಎಲ್ಲರೆದುರು ಆಡಬಾರದ ಮಾತು ಆಡಿದ ದಿನ ಅದು ಪಾಲಾಯಿತು. ಕೆಳಗಿನ ಮಹಡಿ ದೊಡ್ಡ ಸಾರ್‌ಗೆ, ಮೇಲಿನದು ಚಿಕ್ಕ ಸಾರ್‌ಗೆ. ಮೇಜು, ಕುರ್ಚಿ, ಜನ, ಕೊನೆಗೆ ನೀರಿನ ಫಿಲ್ಟರಿಗೂ ಜಗಳವಾಯಿತು. ಪ್ರೋಗ್ರಾಮಿನ ಮೂಲ ಯಾರಿಗೆ ಎಂಬ ಪ್ರಶ್ನೆಯೂ ಬಂತು. ಬಾಗಿಲ ಬಳಿ ನಿಂತಿದ್ದ ಮೇಡಂ ಹೇಳಿದರು: “ಇದು ಹೊಲ ಅಲ್ಲ ಸಾರ್, ಮಧ್ಯೆ ಬದು ಹಾಕೋಕೆ. ಇಬ್ಬರೂ ಪೂರ್ತಿ ತಗೊಳ್ಳಬಹುದು.”

ಇಡೀ ಪಾಲಿನಲ್ಲಿ ತಕರಾರಿಲ್ಲದೆ ಮುಗಿದದ್ದು ಅದೊಂದೇ. ಎಲ್ಲರೂ ಮೇಡಂ ಅವರ ಸಮಯಸ್ಫೂರ್ತಿಯನ್ನು ಹೊಗಳಿದರು. ಅವರೊಬ್ಬರಿಗೆ ಮಾತ್ರ ಆ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ. ಒಂದೇ ಮೂಲದ ಎರಡು ಪ್ರತಿಗಳು ಎರಡು ಮಹಡಿಗಳಲ್ಲಿ ಬೇರೆಬೇರೆ ಕೈಗಳಿಗೆ ಸಿಕ್ಕಿ, ದಿನದಿನಕ್ಕೆ ಒಂದರ ಮುಖ ಇನ್ನೊಂದಕ್ಕೆ ಗುರುತು ಸಿಗದಂತಾಗುವುದನ್ನು ಅವರು ಅಂದೇ ಕಂಡಿದ್ದರು. ಅವರು ಉಳಿದದ್ದು ಕೆಳಗಿನ ಮಹಡಿಯಲ್ಲಿ. ಯಾವ ಪಕ್ಷ ವಹಿಸಿಯೂ ಅಲ್ಲ. ಅವರ ಮೇಜು ಅಲ್ಲಿತ್ತು, ಅಷ್ಟೆ. ಆದರೆ ಮೆಟ್ಟಿಲ ಬಳಿ ಹಾದುಹೋಗುವಾಗಲೆಲ್ಲ ಅವರ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

ಎರಡು ವರ್ಷ ಹಾಗೆ ಕಳೆಯಿತು. ಒಂದು ದಿನ ದೊಡ್ಡ ಆಸ್ಪತ್ರೆಯೊಂದರ ಹೆಡ್ ಸಿಸ್ಟರ್ ಫೋನ್ ಮಾಡಿದರು. ಈ ಯಂತ್ರದಲ್ಲಿ ಮಗುವಿನ ಹೊಟ್ಟೆಯ ಮೇಲೆ ಸಣ್ಣ ಬಿಲ್ಲೆಯೊಂದನ್ನು ಅಂಟಿಸುತ್ತಾರೆ. ಅದು ಮೈಯ ಬಿಸಿಯನ್ನು ಅಳೆದು ಹೇಳುತ್ತದೆ, ಅದರಂತೆ ಯಂತ್ರ ಶಾಖವನ್ನು ಹೆಚ್ಚುಕಡಿಮೆ ಮಾಡುತ್ತದೆ. ಬಿಲ್ಲೆ ಥಟ್ಟನೆ ಕಳಚಿದರೆ ಗಂಟೆ ಹೊಡೆಯುತ್ತಿತ್ತು. ಆ ದಿನ ಅದು ಥಟ್ಟನೆ ಕಳಚಿರಲಿಲ್ಲ. ಬೆವರಿಗೆ ಮೆಲ್ಲಮೆಲ್ಲಗೆ ಜಾರಿತ್ತು. ಮಗುವಿಗೆ ಚಳಿಯಾಗುತ್ತಿದೆಯೆಂದೇ ತಿಳಿದ ಯಂತ್ರ ಸದ್ದಿಲ್ಲದೆ ಶಾಖ ಏರಿಸುತ್ತಲೇ ಹೋಗಿತ್ತು. “ನಾನು ಯಾಕೋ ಕೈ ಇಟ್ಟು ನೋಡಿದೆ. ಕೂಸು ಕೆಂಪಗಾಗಿಬಿಟ್ಟಿತ್ತು. ನಿಮ್ಮ ಗಂಟೆ ಏನು ಮಲಗಿತ್ತಾ?” ಎಂದು ಸಿಸ್ಟರ್ ಕೇಳಿದ ಪ್ರಶ್ನೆ ಇಡೀ ಕಚೇರಿಯನ್ನು ಸುಟ್ಟಿತು.

ಮಗುವಿಗೆ ಅಪಾಯವಾಗಲಿಲ್ಲ. ಕೆಳಗಿನ ಮಹಡಿಯ ತಂಡ ಊಟ ತಿಂಡಿ ಮರೆತು ಆ ತಪ್ಪನ್ನು ತಿದ್ದಿತು. ತಮ್ಮ ಯಂತ್ರಗಳಿದ್ದ ಆಸ್ಪತ್ರೆಗಳಿಗೆಲ್ಲ ಹೊಸ ಆವೃತ್ತಿ ಹೋಯಿತು. ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟು ಕಾಫಿ ಕುಡಿಯುತ್ತಿದ್ದಾಗ ಮೇಡಂ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದುನಿಂತರು. ತಪ್ಪಿದ್ದ ಆ ಕಡತ ಪಾಲಿಗಿಂತಲೂ ಹಳೆಯದು. ಅದು ಮೇಲೆಯೂ ಇದೆ. ಅಲ್ಲಿಂದ ಹೊರಟು, ಒಬ್ಬಳೇ ನರ್ಸ್ ಇರುವ ಸಣ್ಣಸಣ್ಣ ದವಾಖಾನೆಗಳಿಗೆ ಹೋಗಿದೆ.

ಅವರು ನೇರವಾಗಿ ದೊಡ್ಡ ಸಾರ್ ಕೋಣೆಗೆ ಹೋದರು.

“ಸಾರ್, ಈ ವಿಷಯ ಮೇಲಿನವರಿಗೂ ತಿಳಿಸಬೇಕು.”

“ಯಾವ ಮೇಲಿನವರಿಗೆ?”

“ನಿಮ್ಮ ತಮ್ಮನವರಿಗೆ.”

“ನನಗೆ ತಮ್ಮ ಅಂತ ಯಾರೂ ಇಲ್ಲ. ಮೇಲೆ ಯಾರೋ ಬಾಡಿಗೆಗಿದ್ದಾರೆ.” ದೊಡ್ಡ ಸಾರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅವರಲ್ಲಿ ಆ ತಪ್ಪು ಇನ್ನೂ ಇದೆ ಅಂತ ಏನು ಗ್ಯಾರಂಟಿ? ಅವರೇ ಸರಿ ಮಾಡ್ಕೊಂಡಿರಬಹುದು.”

“ಇರಬಹುದು, ಇಲ್ದೇನೂ ಇರಬಹುದು. ಕೂಸನ್ನ ‘ಇರಬಹುದು’ ಮೇಲೆ ಮಲಗಿಸೋಕಾಗಲ್ಲ ಸಾರ್.”

ಈಗ ಅವರು ತಲೆಯೆತ್ತಿದರು. “ನೋಡಿ ಮೇಡಂ. ಇಲ್ಲಿ ತಿದ್ದಿದ್ದು ಇಲ್ಲಿಯ ಆಸ್ತಿ. ಒಂದು ಅಕ್ಷರ ಮೇಲಕ್ಕೆ ಹೋಯ್ತೋ, ನೀವು ಕೆಳಗೆ ಬರೋ ಅಗತ್ಯ ಇರಲ್ಲ.”

ಆ ಸಂಜೆ ಮೇಡಂ ಮನೆಯಲ್ಲಿ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಅವರ ಯಜಮಾನರು ಹೈಸ್ಕೂಲಿನ ಗಣಿತದ ಮೇಷ್ಟ್ರು, ಮಾತು ಕಡಿಮೆ. ಉತ್ತರಪತ್ರಿಕೆ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು, “ಕೇಳಿದ್ದೇ ತಪ್ಪಾಯ್ತಲ್ಲ. ಯಾರಿಗೂ ಗೊತ್ತಾಗದ ಹಾಗೆ ಒಂದು ಫೋನ್ ಮಾಡಿಬಿಟ್ಟಿದ್ರೆ ಮುಗೀತಿತ್ತು” ಎಂದರು.

“ಕದ್ದು ಹೇಳಿದ್ರೆ ಅವರು ನಂಬಲ್ಲ. ನಂಬಿದ್ರೂ, ಯಾರು ಹೇಳಿದ್ದು ಯಾಕೆ ಹೇಳಿದ್ದು ಅಂತ ನಾಳೆ ಕೇಳಿದ್ರೆ ನಾನು ಏನು ಹೇಳ್ಲಿ?”

“ಕೆಲಸ ಹೋಗತ್ತೆ.”

“ಹೋಗತ್ತೆ.”

ಒಳಗಿನಿಂದ ಅತ್ತೆಯ ದನಿ ಬಂತು: “ಬ್ಯಾಂಕಿನ ಕೆಲಸ ಹಂಗೆಲ್ಲ ತೆಗೆಯೋಕಾಗಲ್ಲ, ಸುಮ್ನಿರು.” ಆ ಉದ್ವೇಗದಲ್ಲೂ ಗಂಡಹೆಂಡತಿ ಇಬ್ಬರಿಗೂ ನಗು ಬಂತು. ಮೇಷ್ಟ್ರು ಮತ್ತೆ ಪೆನ್ನು ತೆಗೆದುಕೊಂಡು, “ಹೋಗಿ ಹೇಳಿ ಬಾ” ಎಂದರು.

ಬೆಳಗ್ಗೆ ಮೇಡಂ ಕಚೇರಿಗೆ ಬಂದವರು ದೊಡ್ಡ ಸಾರ್ ಬಾಗಿಲಲ್ಲಿ ನಿಂತು, “ಮೇಲೆ ಹೋಗ್ತಾ ಇದ್ದೀನಿ ಸಾರ್. ನಿಮಗೆ ಗೊತ್ತಿರಲಿ ಅಂತ ಹೇಳ್ದೆ” ಎಂದರು. ಉತ್ತರಕ್ಕೆ ಕಾಯಲಿಲ್ಲ. ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ಕೆಳಗಿನವರು ತಿದ್ದಿದ್ದರಲ್ಲಿ ಒಂದು ಸಾಲನ್ನೂ ಅವರು ಒಯ್ಯಲಿಲ್ಲ. ಒಯ್ದದ್ದು ಸಿಸ್ಟರ್ ಹೇಳಿದ ಮಾತನ್ನು ಮಾತ್ರ.

ಚಿಕ್ಕ ಸಾರ್ ಎದ್ದು ಬರಮಾಡಿಕೊಂಡರೇನೋ ಹೌದು, ಆದರೆ ವಿಷಯ ಕೇಳುತ್ತಿದ್ದಂತೆ ಅವರ ಹುಬ್ಬು ಗಂಟಿಕ್ಕಿತು. “ಕಳಿಸಿದ್ದು ಯಾರು? ಅವನಾ? ನಮ್ಮ ಯಂತ್ರ ಸರಿ ಇಲ್ಲ ಅಂತ ಊರೆಲ್ಲ ಸಾರೋಕೆ ಹೊಸ ದಾರಿ ಹುಡುಕಿದ್ದಾನಾ?”

ಮೇಡಂ ವಾದಿಸಲಿಲ್ಲ. ಗೋಡೆಯ ಪಕ್ಕ ಪರೀಕ್ಷೆಗೆಂದು ಇಟ್ಟಿದ್ದ ಯಂತ್ರದ ಬಳಿ ಹೋಗಿ ಸ್ವಿಚ್ ಹಾಕಿದರು. ಬಿಲ್ಲೆಯನ್ನು ತಮ್ಮ ಅಂಗೈಗೆ ಅಂಟಿಸಿಕೊಂಡು, ಪರದೆಯ ಅಂಕಿ ಸ್ಥಿರವಾಗುವವರೆಗೆ ಕಾದು, ನಂತರ ಅಂಟನ್ನು ಉಗುರಿನಿಂದ ಕೂದಲೆಳೆಯಷ್ಟೇ ಎಬ್ಬಿಸಿದರು. ಕೊಂಚ ತಡೆದು ಇನ್ನಷ್ಟು ಎಬ್ಬಿಸಿದರು. ಅಂಕಿ ಮೆಲ್ಲಗೆ ಇಳಿಯಿತು, ಶಾಖದ ಮಟ್ಟ ತೋರಿಸುವ ದೀಪ ಒಂದೊಂದೇ ಮೆಟ್ಟಿಲು ಏರಿತು. ಸುತ್ತ ನಿಂತ ಹುಡುಗರು ಗಂಟೆಗಾಗಿ ಕಾದರು, ಗಂಟೆ ಹೊಡೆಯಲಿಲ್ಲ. ದೀಪ ತುದಿ ಮುಟ್ಟಿತು, ಆಗಲೂ ಹೊಡೆಯಲಿಲ್ಲ. “ಕೈ ಇಟ್ಟು ನೋಡಿ ಸಾರ್” ಎಂದರು ಮೇಡಂ.

ಚಿಕ್ಕ ಸಾರ್ ಪುಟ್ಟ ಹಾಸಿಗೆಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತಾನಾಗಿ ಹಿಂದಕ್ಕೆ ಬಂತು. ಯಾರ ಮುಖವನ್ನೂ ನೋಡದೆ, “ದವಾಖಾನೆಗಳಿಗೆಲ್ಲ ಈಗಲೇ ಫೋನ್ ಮಾಡಿ. ಬಿಲ್ಲೆ ನಂಬಬೇಡಿ, ಕೈಯಿಟ್ಟು ನೋಡ್ತಿರಿ ಅಂತ ಹೇಳಿ” ಎಂದರು.

ಮೇಡಂ ಕೆಳಗಿಳಿದು ಬಂದಾಗ ಅವರ ಕೈಚೀಲ, ಊಟದ ಡಬ್ಬಿ, ಛತ್ರಿ ಬಾಗಿಲ ಹೊರಗಿನ ಬೆಂಚಿನ ಮೇಲಿದ್ದವು. ದೊಡ್ಡ ಸಾರ್ ಮಾತಿಗೆ ತಪ್ಪುವವರಲ್ಲ. ಸೋಡಾಬುಡ್ಡಿ ಮಾತ್ರ ಬಾಗಿಲವರೆಗೆ ಬಂದು, ಕನ್ನಡಕವನ್ನು ಒರೆಸುತ್ತ ನಿಂತರು.

ಮುಂದಿನ ದಿನಗಳು ಅವರಿಗೆ ಹೇಗೆ ಕಳೆದವೆಂಬುದನ್ನು ಅವರ ಅತ್ತೆ ಬಹುಕಾಲ ಕಥೆಯಾಗಿ ಹೇಳುತ್ತಿದ್ದರು. ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಾಯಿಸಿದವು. ಅವಕ್ಕೆ ಚೀಟಿ ಅಂಟಿತು. ಚೀಟಿಯ ಮೇಲೆ ತಾರೀಕೂ ಬಂತು. “ಉಪ್ಪು ಹುಡುಕೋಕೆ ನಂಗೆ ಅಕ್ಷರ ಕಲೀಬೇಕಾಯ್ತು” ಎಂದು ಅತ್ತೆ ಗೋಳಾಡಿದರು. ಮೇಷ್ಟ್ರ ಶಾಲೆಯ ಪ್ರಯೋಗಾಲಯದ ಕಪಾಟುಗಳಿಗೂ ಅದೇ ಗತಿಯಾಯಿತು. ಹೊರಗಿನಿಂದ ಇದು ನಗೆಯ ಸಂಗತಿ. ಒಳಗೆ ಅವರು ಬೆಂದುಹೋಗುತ್ತಿದ್ದರು: ಮೇಲಿನವರು ತಪ್ಪನ್ನು ತಿದ್ದಿದರೋ ಇಲ್ಲವೋ, ತಿದ್ದುವ ಅವಸರದಲ್ಲಿ ಇನ್ನೇನನ್ನು ಕೆಡಿಸಿದರೋ, ಕೆಳಗೆ ತಾವಿಲ್ಲದ ಮೇಲೆ ಯಾರು ಯಾವ ‘ಇತರೆ’ ತೆರೆದರೋ. ಚಿಕ್ಕ ಸಾರ್ ಮನೆಗೇ ಬಂದು ಕೆಲಸಕ್ಕೆ ಕರೆದರು. ಮೇಡಂ ಒಪ್ಪಲಿಲ್ಲ. “ಈಗ ನಿಮ್ಮಲ್ಲಿಗೆ ಬಂದ್ರೆ ನಾನು ಆ ಸುದ್ದೀನ ಮಾರಿಕೊಂಡ ಹಾಗಾಗತ್ತೆ ಸಾರ್” ಎಂದರು.

ಆದರೆ ಮೇಲಿನ ಮಹಡಿಯಲ್ಲಿ ಒಂದು ಸಂಗತಿ ನಡೆದಿತ್ತು. ಬಿಲ್ಲೆಯ ತಪ್ಪನ್ನು ಬೆನ್ನುಹತ್ತಿದ ಚಿಕ್ಕ ಸಾರ್ ತಂಡಕ್ಕೆ ಹಳೆಯ ಕಡತದಲ್ಲೇ ಇನ್ನೊಂದು ತಪ್ಪು ಸಿಕ್ಕಿತು. ಕರೆಂಟ್ ಹೋಗಿ ಬಂದರೆ, ಸಿಸ್ಟರ್ ಆ ಮಗುವಿಗೆಂದು ಇಟ್ಟ ಉಷ್ಣತೆಯನ್ನು ಮರೆತು ಯಂತ್ರ ತನ್ನ ಮೊದಲಿನ ಅಳತೆಗೇ ಮರಳುತ್ತಿತ್ತು. ಜನರೇಟರ್ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದರೆ ತಪ್ಪು ಅಣ್ಣನ ಯಂತ್ರಗಳಲ್ಲೂ ಇದೆ. ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಚಿಕ್ಕ ಸಾರ್ ಒಂದು ದಿನವೆಲ್ಲ ಸುಮ್ಮನಿದ್ದು ನೋಡಿದರಂತೆ, ಆಗಲಿಲ್ಲವಂತೆ.

ಅವರು ಮೆಟ್ಟಿಲಿಳಿದು ಬಂದದ್ದನ್ನು ಕಂಡವರು ಸೋಡಾಬುಡ್ಡಿ. ಪಾಲಾದ ಮೇಲೆ ಮೊದಲ ಬಾರಿಗೆ ಚಿಕ್ಕ ಸಾರ್ ಅಣ್ಣನ ಬಾಗಿಲಲ್ಲಿ ನಿಂತರು. ತಮ್ಮ ನಿಂತಲ್ಲಿಂದಲೇ ತಪ್ಪನ್ನು ವಿವರಿಸಿ, “ಹೇಳಬೇಕು ಅನ್ನಿಸ್ತು, ಹೇಳ್ದೆ” ಎಂದು ತಿರುಗಿ ಹೋದರು. ದೊಡ್ಡ ಸಾರ್ ಮಧ್ಯಾಹ್ನದ ಹೊತ್ತಿಗೆ ಫೋನ್ ಎತ್ತಿಕೊಂಡರು.

“ಮೇಡಂ, ನಾಳೆಯಿಂದ ಬನ್ನಿ.”

“ಯಾವ ಮಹಡಿಗೆ ಸಾರ್?”

“ಎರಡಕ್ಕೂ.”

ಎರಡು ಮಹಡಿಗಳ ನಡುವೆ, ಮೆಟ್ಟಿಲು ತಿರುಗುವಲ್ಲಿ, ಹಳೆಯ ಪೆಟ್ಟಿಗೆಗಳನ್ನು ತುಂಬಿದ್ದ ಸಣ್ಣ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿ ಒಂದು ಮೇಜು ಹಾಕಲಾಯಿತು. ಕವಲೊಡೆದ ಎರಡು ಪ್ರತಿಗಳನ್ನು ಮತ್ತೆ ಒಂದೇ ಮೂಲಕ್ಕೆ ತರುವ ಕೆಲಸ ಅಲ್ಲಿ ಆರಂಭವಾಯಿತು. ಒಬ್ಬರೇ ತಿದ್ದಿದ ಜಾಗಗಳು ಸುಲಭ, ತಾವಾಗಿ ಸೇರಿಕೊಳ್ಳುತ್ತವೆ. ಒಂದೇ ಸಾಲನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರೆ ಕಂಪ್ಯೂಟರ್ ಕೈಚೆಲ್ಲಿ, ಯಾವುದನ್ನಿಡಲಿ ಎಂದು ಕೇಳುತ್ತದೆ. ಅದಕ್ಕೆ ಉತ್ತರ ಹೇಳಲು ತಿದ್ದಿದವರೇ ಬೇಕು. ಹೀಗಾಗಿ ಮೇಜಿನ ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ, ನಡುವೆ ಮೇಡಂ.

ಮೊದಲ ವಾರಗಳ ಸಂಭಾಷಣೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. “ಮೇಡಂ, ಇಲ್ಲಿ ನಾವು ಮಾಡಿದ್ದೇ ಸರಿ ಅಂತ ಅವರಿಗೆ ಹೇಳಿ.” “ಮೇಡಂ, ಅದು ಹೆಂಗೆ ಸರಿ ಅಂತ ಅವರನ್ನೇ ಕೇಳಿ.” ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಕುಳಿತವರ ನಡುವೆ ಮೇಡಂ ಅಂಚೆಯವರಂತೆ ಮಾತು ಸಾಗಿಸಿದರು. ಒಂದೊಂದು ತಿದ್ದುಪಡಿಗೂ ಇಬ್ಬರ ಕಾರಣವನ್ನೂ ಬರೆದಿಟ್ಟರು. ಯಾರ ಕಡೆಯದನ್ನು ಬಿಟ್ಟರೂ ಬಿಟ್ಟದ್ದೇಕೆಂದು ಒಂದು ವಾಕ್ಯ ತಪ್ಪದೆ ಇರುತ್ತಿತ್ತು.

ಗಂಟೆ ಹೊಡೆಯುವ ಕಡತಕ್ಕೆ ಬಂದಾಗ ಮಾತ್ರ ಅಂಚೆ ನಿಂತುಹೋಯಿತು. ಬಿಲ್ಲೆಯಲ್ಲಿ ಸ್ವಲ್ಪ ಏರುಪೇರು ಕಂಡ ಕೂಡಲೇ ಗಂಟೆ ಹೊಡೆಯುವಂತೆ ದೊಡ್ಡ ಸಾರ್ ತಿದ್ದಿದ್ದರು. ಚಿಕ್ಕ ಸಾರ್ ಪ್ರತಿಯಲ್ಲಿ ಅದು ಕೊಂಚ ಕಾದು ನೋಡಿ ಹೊಡೆಯುತ್ತಿತ್ತು.

“ಕಾಯೋದು ಅಂದ್ರೇನು? ಕೂಸಿನ ವಿಷಯದಲ್ಲಿ ಕಾಯ್ತಾರಾ ಅಂತ ಕೇಳಿ ಮೇಡಂ!”

“ಮಾತುಮಾತಿಗೂ ಕೂಗೋ ಗಂಟೇನ ಒಬ್ಬಳೇ ಇರೋ ನರ್ಸ್ ಏನು ಮಾಡ್ತಾಳೆ? ಆಫ್ ಮಾಡ್ತಾಳೆ! ಸಣ್ಣ ದವಾಖಾನೆ ಒಳಗೆ ಒಂದು ದಿನ ನಿಂತು ನೋಡಿದ್ದೀಯಾ ಅಣ್ಣಾ?”

‘ಅಣ್ಣಾ’ ಎಂಬ ಆ ಶಬ್ದ ಬಾಯಿತಪ್ಪಿ ಬಂದಿತ್ತು. ಅಣ್ಣ ಮೇಜು ಗುದ್ದಿ, “ನಿಂತಿಲ್ಲ ಕಣೋ! ನೀನು ಕರೆದಿದ್ಯಾ?” ಎಂದು ಗುಡುಗಿದರು. ಅಲ್ಲಿಂದ ಮುಂದೆ ಎರಡು ವರ್ಷದ ಬಾಕಿಯೆಲ್ಲ ಹೊರಬಂತು. ಮೇಡಂ ಸದ್ದಾಗದಂತೆ ಎದ್ದು ಹೊರಗೆ ಬಂದು ಬಾಗಿಲೆಳೆದುಕೊಂಡರು. ಜಗಳದ ಸದ್ದಿಗೆ ಎರಡೂ ಮಹಡಿಯವರು ಮೆಟ್ಟಿಲಿಗೆ ಬಂದರು. “ಏನಾಯ್ತು ಮೇಡಂ?” ಎಂದು ಸೋಡಾಬುಡ್ಡಿ ಗಾಬರಿಯಿಂದ ಕೇಳಿದರೆ, “ಏನಿಲ್ಲ, ಮಾತಾಡ್ತಿದ್ದಾರೆ” ಎಂದರು ಮೇಡಂ.

ಆ ಜಗಳವನ್ನು ತೀರಿಸಿದವರು ಹೆಡ್ ಸಿಸ್ಟರ್. ಮೇಡಂ ಹೋಗಿ ಆ ಸಿಸ್ಟರನ್ನೇ ಕೋಣೆಗೆ ಕರೆತಂದರು. ಮೊದಲು ಮೆಲುದನಿಯ ಸೂಚನೆ, ಯಾರೂ ಬಾರದಿದ್ದರೆ ಜೋರು ಗಂಟೆ ಎಂದು ಸಿಸ್ಟರ್ ಹೇಳಿದ ಕ್ರಮವೇ ಇಂದಿಗೂ ನಮ್ಮ ಯಂತ್ರಗಳಲ್ಲಿದೆ. ಸಂಸ್ಥೆಗಳು ಎರಡಾಗಿಯೇ ಉಳಿದವು, ನಾಮಫಲಕಗಳೂ ಎರಡೇ. ಮೂಲ ಮಾತ್ರ ಒಂದು. ಅಣ್ಣತಮ್ಮಂದಿರು ಕುಣಿದಾಡಿ ಒಂದಾದರೆಂದು ಬರೆದರೆ ಸುಳ್ಳಾಗುತ್ತದೆ. ಅವರು ವಾರಕ್ಕೊಮ್ಮೆ ನಡುಕೋಣೆಯಲ್ಲಿ ಕುಳಿತು ಜಗಳವಾಡುವಷ್ಟು ಹತ್ತಿರವಾದರು. ಅಷ್ಟು ಸಾಕಾಯಿತು.

ಅನಂತರದ ವರ್ಷಗಳಲ್ಲಿ ಮೇಡಂ ಅವರ ಚಡಪಡಿಕೆಯಿಂದ ಉಪಕೃತರಾದವರನ್ನು ಲೆಕ್ಕವಿಡುವುದು ಕಷ್ಟ. ಒಂದನ್ನು ಹೇಳಲೇಬೇಕು. ಸಹೋದ್ಯೋಗಿಯೊಬ್ಬರು ಅರ್ಧ ಮಾಡಿದ ದೊಡ್ಡ ಕೆಲಸವನ್ನು ತಮ್ಮ ಕವಲಿನಲ್ಲಿ ಹಾಗೆಯೇ ಬಿಟ್ಟು ಬಾಣಂತನಕ್ಕೆ ಹೋದರು. ತಿಂಗಳುಗಟ್ಟಲೆ ಮುಟ್ಟದ ಕವಲು ಒಣಗುತ್ತದೆ. ಮೂಲ ಮುಂದೆ ಹೋಗಿರುತ್ತದೆ, ಮರಳಿ ಬಂದವರು ಮೊದಲಿನಿಂದ ಶುರುಮಾಡಬೇಕು. ಆ ತಾಯಿ ಭಯದಿಂದಲೇ ಕೆಲಸಕ್ಕೆ ಮರಳಿ ತಮ್ಮ ಕವಲನ್ನು ತೆರೆದರೆ, ಅದು ನಿನ್ನೆಯಷ್ಟೇ ಬಿಟ್ಟುಹೋದಂತೆ ಹಸಿರಾಗಿತ್ತು. ಅವರಿಲ್ಲದ ಅಷ್ಟೂ ವಾರ, ಮೂಲದಲ್ಲಾದ ಬದಲಾವಣೆಗಳನ್ನು ಮೇಡಂ ತಪ್ಪದೆ ಆ ಕವಲಿಗೂ ತಂದು ಸೇರಿಸಿದ್ದರು. ಧನ್ಯವಾದ ಹೇಳಲು ಹೋದರೆ, “ಸುಮ್ನೆ ಓಡಾಡ್ತಾ ಇದ್ದೆ, ದಾರೀಲಿ ನಿಂದೂ ಸಿಕ್ತು” ಎಂದು ಹೇಳಿ ಮುಂದಿನ ಮೇಜಿಗೆ ಹೋಗಿಬಿಟ್ಟರು.

ನಿವೃತ್ತಿಯ ದಿನ ಹತ್ತಿರವಾದಂತೆ, ಇನ್ನಾದರೂ ವಿಶ್ರಾಂತಿ ತಗೊಳ್ಳಿ ಎಂದವರಿಗೆಲ್ಲ ಅವರು ತಲೆಯಾಡಿಸಿದ್ದಾರೆ. ಆದರೆ ಹೋದ ವಾರವೇ ಹತ್ತಿರದ ಸಂಜೆ ಕಾಲೇಜಿನವರು ಪಾಠ ಹೇಳಲು ಕರೆದಾಗ, ಲ್ಯಾಬ್ ನೋಡಿ ಬರುತ್ತೇನೆಂದು ಹೋಗಿ ಮನೆಗೆ ಬಂದವರಿಗೆ ಊಟವೇ ಸೇರಲಿಲ್ಲವಂತೆ. “ಅಷ್ಟು ಮಕ್ಕಳೂ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಬಿಸಾಕಿದ್ದಾರೆ” ಎಂದು ಮೇಷ್ಟ್ರಿಗೆ ವರದಿಯೊಪ್ಪಿಸಿ, ಮರುದಿನವೇ ಕಾಲೇಜಿಗೆ ಒಪ್ಪಿಗೆ ಕೊಟ್ಟಿದ್ದಾರೆ.

ಬಾಣಂತನದಿಂದ ಮರಳಿದ್ದ ಆ ಸಹೋದ್ಯೋಗಿಯೇ ಈಗ ಮೇಡಂ ಅವರ ಸ್ಥಾನಕ್ಕೆ ಬರುತ್ತಿದ್ದಾರೆ. ಕೆಲಸ ಒಪ್ಪಿಸಿಕೊಡುವ ಕೊನೆಯ ದಿನ, ಎಲ್ಲ ನೋಡಿ ಮುಗಿದ ಮೇಲೆ, ಅವರು ತಡೆಯಲಾರದೆ ಕೇಳಿದರು: “ನೀವು ಹೋದ್ಮೇಲೆ ಏನಾದ್ರೂ ಗೊತ್ತಾಗದೇ ಇದ್ರೆ ಯಾರನ್ನ ಕೇಳ್ಲಿ ಮೇಡಂ?”

“ಯಾರನ್ನೂ ಕೇಳಬೇಕಾಗಬಾರದು. ಯಾವುದು ಯಾಕೆ ಅಂತ ಎಲ್ಲಾ ಅಲ್ಲೇ ಇದೆ. ನಾನಿಲ್ದೆ ನಡೆಯಲ್ಲ ಅಂತಾದ್ರೆ, ಇಷ್ಟು ವರ್ಷ ನಾನು ಮಾಡಿದ ಕೆಲಸ ದಂಡ ಅಂತ ಅರ್ಥ.”

ಮೇಡಂ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತು, ತಿರುಗಿ ನೋಡಿ, “ಆದ್ರೂ ಕೇಳು” ಎಂದರು.

ಎರಡೂ ಮಹಡಿಗಳ ನಮ್ಮೆಲ್ಲರ ಹಾರೈಕೆ ಇಷ್ಟೆ: ಅವರ ಆಯುಸ್ಸು ದೊಡ್ಡದಾಗಲಿ, ಮೈಯಲ್ಲಿ ಕಸುವು ಬತ್ತದಿರಲಿ, ಎದುರಿಗೆ ಸದಾ ಮಾಡಲು ಕೆಲಸವಿರಲಿ. ಉತ್ತರ ಹೇಳಲು ಅವರಿರಲಿ, ಕೇಳುವುದಕ್ಕೆ ನಾವಿದ್ದೇವೆ.